ಎರಡು ಸೆಕೆಂಡು ಹಿಂದೆ

ಕೀಬೋರ್ಡಿನ ಸಂದಿಯಲ್ಲೆಲ್ಲ ಗುಲಾಬಿ ಪುಡಿ, ವಸಡಿನ ಬಣ್ಣದ್ದು, ಊದಿದರೆ ಇನ್ನೂ ಒಳಕ್ಕೇ ಹೋಗಿ ಕೂರುತ್ತದೆ, ಹಲ್ಲಿನ ಸೆಟ್ಟು ಕಟ್ಟುವವಳ ಮನೆಯಲ್ಲಿ ಮತ್ತೇನು ಸಿಗುತ್ತದೆ, ಸುಗಂಧದ ಪುಡಿಯೇ — ಒಂದು ಒಂಬತ್ತು ಎರಡು, ಚುಕ್ಕಿ, ಒಂದು ಆರು ಎಂಟು, ಚುಕ್ಕಿ, ಆಮೇಲೆ ಏನಂದ, ಅಂಗೈ ಮೇಲೆ ಬರೆದುಕೊಂಡಿದ್ದೆ, ಬರೆದುಕೊಂಡು ಹೋಗಿ ಪ್ಲಾಸ್ಟರ್ ಕಲಸಿದೆ, ಈಗ ಅಂಗೈಯಲ್ಲಿ ಒಂದು ಸೊನ್ನೆ ಮಾತ್ರ ಉಳಿದಿದೆ, ನನ್ನ ಬುದ್ಧಿಗೆ ಸಿಕ್ಕ ಅಂಕ. ಕ್ಯಾಮೆರಾ ಹಾಕಿದವನಿಗೆ ಮತ್ತೆ ಫೋನು, ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ, ಪಾಪ, ಬೇಸರ ಮಾಡಿಕೊಳ್ಳದೆ ಹೇಳುತ್ತಾನೆ, ಕ್ಯಾಮೆರಾ ತೋರ್ಸೋ ಟಿವಿ ಕೆಟ್ರೆ ಏನಾಯ್ತು ಮೇಡಂ, ಕಪಾಟಲ್ಲಿರೋ ರೆಕಾರ್ಡರ್ ಓಡ್ತಾ ಇದ್ಯಲ್ಲ, ಹಸಿರು ದೀಪ ಇದ್ಯಾ, ಇದೆಯಪ್ಪ, ಹಂಗಾದ್ರೆ ಕಂಪ್ಯೂಟರಲ್ಲೇ ಎಲ್ಲಾ ಕಾಣುತ್ತೆ, ನಾನು ಹೇಳಿದ ನಂಬರು ಮೇಲ್ಗಡೆ ಹೊಡೀರಿ, ಹೆಸರು ಕೇಳುತ್ತೆ, ಪಾಸ್‌ವರ್ಡ್ ಕೇಳುತ್ತೆ, ರೆಕಾರ್ಡರ್ ತಳದಲ್ಲಿ ಚೀಟಿ ಅಂಟಿಸಿದೀನಿ ನೋಡಿ. ಚೀಟಿ ನೋಡಲು ಕಪಾಟಿನ ಮುಂದೆ ಮಂಡಿಯೂರಿ ಮೊಬೈಲಿನ ಬೆಳಕು ಬಿಟ್ಟು ಓದಿದ್ದಾಯಿತು, ಇಷ್ಟೆಲ್ಲ ಯಾಕೆ, ಒಂದು ಮೇಲ್ದವಡೆಗಾಗಿ. ನಿವೃತ್ತ ಹೆಡ್‌ಮಾಸ್ಟರ ಮೇಲ್ದವಡೆ, ಹದಿನಾಲ್ಕು ಹಲ್ಲು, ನಿನ್ನೆ ಮಧ್ಯಾಹ್ನ ಪಾಲಿಶ್ ಮಾಡಿ ನೀರಿನ ಲೋಟದಲ್ಲಿ ಹಾಕಿಟ್ಟಿದ್ದೆ, ಇವತ್ತು ಲೋಟವೂ ಇಲ್ಲ ದವಡೆಯೂ ಇಲ್ಲ. ಡಾಕ್ಟರು ಆಗಲೇ ಎರಡು ಸಲ ಫೋನು ಮಾಡಿದರು, ಮೇಡಂ ಎರಡು ಗಂಟೆಗೆ ಮಾಸ್ಟರು ಬರ್ತಾರೆ, ನಾಳೆ ಅವರ ಭಾಷಣ ಇದೆಯಂತೆ, ಆಯ್ತು ಡಾಕ್ಟ್ರೇ, ರೆಡಿ ಇದೆ ಅಂದೆ, ಅಂದು ನಾಲಿಗೆ ಕಚ್ಚಿಕೊಂಡೆ. ಗುಡಿಸುವಾಕೆಯನ್ನು ಕೇಳಿದೆ, ಇಲ್ಲಿ ಹಲ್ಲೇನಾದ್ರೂ ನೋಡಿದ್ಯಾ ಅಂತ, ಸುಮ್ಮನೆ ಕೇಳಿದ್ದು, ಅವಳು ಸೊಂಟದ ಮೇಲೆ ಕೈಯಿಟ್ಟು, ನನ್ನವು ಮೂವತ್ತೆರಡೂ ಗಟ್ಟಿಯಾಗಿವೆ ಅಮ್ಮಾ, ನಿಮ್ಮದು ನನಗ್ಯಾಕೆ, ಅಂದಳು, ಪೊರಕೆ ಅಲ್ಲೇ ಬಿಟ್ಟು ಹೋದಳು. ಅವಳ ಮುಖ ನೋಡಿದರೆ ನಾಳೆ ಬರುವುದು ಅನುಮಾನ. ನಿಜ ಹೇಳಬೇಕೆಂದರೆ ಅವಳೇ ತೆಗೆದಿರಬೇಕು ಎಂದು ನನ್ನ ಮನಸ್ಸಿನಲ್ಲಿತ್ತು, ಅದು ಅವಳಿಗೆ ಗೊತ್ತಾಯಿತು.

ಬಂತು, ಚಿತ್ರ ಬಂತು, ಅಂಚೆಚೀಟಿಯಂತೆ ನಾಲ್ಕು ಚೌಕ, ಗೇಟು, ಹಿತ್ತಲು, ಮೆಟ್ಟಿಲು, ಕೆಲಸದ ಕೋಣೆ. ನಿನ್ನೆಯ ತಾರೀಕು ಒತ್ತಿದೆ, ಮೂರೂವರೆಯಿಂದ ಓಡಿಸಿದೆ. ಒಬ್ಬ ಹೆಂಗಸು ಬೆಂಚಿನ ಮೇಲೆ ಬಗ್ಗಿ ಕೂತಿದ್ದಾಳೆ, ಏಪ್ರನ್ನಿನ ದಾರ ಹಿಂದೆ ಬಿಚ್ಚಿಹೋಗಿದೆ, ಕಾಲು ಸ್ಟೂಲಿನ ಕಂಬಿಗೆ ಸುತ್ತಿಕೊಂಡಿದ್ದಾಳೆ, ಯಾರಪ್ಪಾ ಇವಳು ಇಷ್ಟು ಗೂನುಬೆನ್ನಿನವಳು, ನಾನೇ. ಬಾಯಿ ಆಡಿಸುತ್ತಿದ್ದಾಳೆ, ಹಲ್ಲುಗಳ ಜೊತೆ ಮಾತಾಡುತ್ತಿದ್ದಾಳೆ, ಅದು ನನ್ನ ಚಾಳಿ, ಇವರಿಗೆ ಸ್ವಲ್ಪ ಸೊಟ್ಟ ಇರಲಿ, ಮೊದಲೂ ಸೊಟ್ಟವೇ ಇದ್ದವು, ನೇರ ಮಾಡಿಬಿಟ್ಟರೆ ಹೆಂಡತಿಗೇ ಗುರುತು ಸಿಗಲಿಕ್ಕಿಲ್ಲ — ಹೀಗೆ. ನಾಲ್ಕೂ ಹತ್ತಕ್ಕೆ ಫೋನು ತೆಗೆದುಕೊಳ್ಳುತ್ತಾಳೆ, ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ತಲೆಯಾಡಿಸುತ್ತಾಳೆ, ಎದ್ದು, ನೋಡು, ಕೈಯಲ್ಲಿ ಆ ಲೋಟ, ಎಡಕ್ಕೆ ಚೌಕದ ಆಚೆಗೆ ಹೋಗುತ್ತಾಳೆ, ಬರುವಾಗ ಕೈ ಖಾಲಿ. ಓಡಿದೆ ಅಡುಗೆಮನೆಗೆ, ಸಕ್ಕರೆ ಡಬ್ಬಿಯ ಹಿಂದೆ ಮಾಸ್ಟರ ಹದಿನಾಲ್ಕು ಹಲ್ಲು ನೀರಿನಲ್ಲಿ ನಗುತ್ತಾ ಕೂತಿವೆ. ಕೂತು ನಕ್ಕೆ ನಾನೂ, ಒಬ್ಬಳೇ, ಗುಡಿಸುವಾಕೆಗೆ ಏನು ಹೇಳಿ ಸಮಾಧಾನ ಮಾಡಲಿ, ಈ ಅಕ್ಕನದೇ ತಪ್ಪು, ಅಕ್ಕ ಫೋನು ಮಾಡಿದರೆ ನನಗೆ ಕೈಯಲ್ಲೇನಿದೆ ಎಂಬುದೇ ಮರೆತುಹೋಗುತ್ತದೆ. ನಿನ್ನೆಯೂ ಅಷ್ಟೇ, ಏನಿಲ್ಲ ಬೊಚ್ಚಿ, ಯಾಕೋ ನಿನ್ನ ನೆನಪಾಯ್ತು, ಸ್ವಲ್ಪ ಕಾಲು ಚಾಚಿ ಕೂತ್ಕೋ, ಬೆಳಿಗ್ಗೆಯಿಂದ ಬಗ್ಗಿಕೊಂಡೇ ಇರ್ತೀಯ, ಸೊಂಟ ಏನಾಗಬೇಕು, ಎಂದಳು, ಆ ಹೊತ್ತಿಗೆ ಸರಿಯಾಗಿ ಸೊಂಟ ಹಿಡಿದುಕೊಂಡಿತ್ತು. ಅದೆಷ್ಟೋ ದೂರದ ಊರಿನಲ್ಲಿ ಕೂತು ಇವಳಿಗೆ ಹೇಗೆ ಗೊತ್ತಾಗುತ್ತದೆ ಎಂದು ಡಾಕ್ಟರ ಹೆಂಡತಿಗೆ ಎಷ್ಟು ಸಲ ಹೇಳಿದ್ದೇನೆ, ನಮ್ಮಕ್ಕನಿಗೆ ನನ್ನ ಬಗ್ಗೆ ಗೊತ್ತಾಗಿಬಿಡುತ್ತೆ ನೋಡಿ, ನಾನು ಅತ್ತರೆ ಫೋನು, ಜ್ವರ ಬಂದರೆ ಫೋನು, ಊಟ ಬಿಟ್ಟರೆ ಫೋನು, ತಾಯಿಗಿಂತ ಹೆಚ್ಚು. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೇಳು, ನನ್ನ ಮುಂದಿನ ಹಲ್ಲು ಬಿದ್ದು ವರ್ಷವಾದರೂ ಹುಟ್ಟಿರಲಿಲ್ಲ, ಅದಕ್ಕೇ ಬೊಚ್ಚಿ, ಆ ಹೆಸರಿನಿಂದ ನನ್ನನ್ನು ಕರೆಯುವವರು ಭೂಮಿಯ ಮೇಲೆ ಅಕ್ಕ ಒಬ್ಬಳೇ. ಲೋಟ ತಂದು ಕಂಪ್ಯೂಟರಿನ ಪಕ್ಕದಲ್ಲಿಟ್ಟು ಕ್ಯಾಮೆರಾದವನಿಗೆ ಸಿಕ್ಕಿತಪ್ಪಾ ಎಂದು ಹೇಳಿದೆ.

ಹಂಗೇ ಒಂದು ನೋಡ್ಬಿಡಿ ಮೇಡಂ, ಎಂದ ಅವನು, ಕೊನೇಲಿ ಲಾಗ್ ಅಂತ ಇರುತ್ತೆ, ಅದರಲ್ಲಿ ಎಲ್ಲಾ ದಾಖಲಾಗಿರುತ್ತೆ, ಕರೆಂಟು ಹೋದಾಗ ರೆಕಾರ್ಡಿಂಗ್ ನಿಂತಿತ್ತಾ ಅಂತ ಗೊತ್ತಾಗುತ್ತೆ. ಒತ್ತಿದೆ. ಇರುವೆ ಸಾಲಿನಂತೆ ಸಾಲುಗಳು, ತಾರೀಕು, ಗಂಟೆ, ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು. ಕೊನೆಯ ಸಾಲು ನಾನು, ಅಡ್ಮಿನ್, ಈಗ ಹತ್ತೂ ನಲವತ್ತು. ಅದರ ಮೇಲಿನ ಸಾಲು ನಾನಲ್ಲ. ಇಂಗ್ಲಿಷ್ ಅಕ್ಷರ, ಕೂಡಿಸಿ ಓದಿದೆ, ಬಿಟ್ಟು ಓದಿದೆ, ಕನ್ನಡಕ ಒರೆಸಿ ಓದಿದೆ, ಬೊಚ್ಚಿ. ಅದರ ಮೇಲೆ ಬೊಚ್ಚಿ. ಅದರ ಮೇಲೆ ಬೊಚ್ಚಿ, ಬೊಚ್ಚಿ, ಪುಟ ಮೇಲೆ ಸರಿಸಿದಷ್ಟೂ ಬೊಚ್ಚಿ, ಬೆಳಿಗ್ಗೆ ಎಂಟೂ ಐದಕ್ಕೆ ಒಳಗೆ, ಒಂದಕ್ಕೆ ಹೊರಗೆ, ಮಧ್ಯಾಹ್ನ ಮೂರಕ್ಕೆ ಒಳಗೆ, ಆರಕ್ಕೆ ಹೊರಗೆ, ಭಾನುವಾರವೂ ಬಿಟ್ಟಿಲ್ಲ, ಕಚೇರಿಯ ಗುಮಾಸ್ತರೂ ಇಷ್ಟು ನಿಯತ್ತಾಗಿ ಬರುವುದಿಲ್ಲ. ನಿನ್ನೆ ಮೂರರಿಂದ ಆರು. ನಾಲ್ಕೂ ಹತ್ತು ಆ ಮೂರಕ್ಕೂ ಆರಕ್ಕೂ ನಡುವೆ ಬರುತ್ತದೆ, ಇದಕ್ಕೆ ಗಣಿತ ಬೇಕಾಗಿಲ್ಲ. ಒಂದು ಕ್ಷಣ ನನಗೇ ನಾಚಿಕೆಯಾಯಿತು, ಅಕ್ಕನ ಮೇಲೆ ಅನುಮಾನವೇ, ಮೊಬೈಲು ತೆಗೆದು ಅಕ್ಕನ ಕರೆಗಳನ್ನು ನೋಡಿದೆ, ಸೋಮವಾರ ಹನ್ನೊಂದಕ್ಕೆ, ನೀರು ಕುಡಿದ್ಯಾ, ಆ ಸೋಮವಾರದ ಸಾಲು ಇಲ್ಲಿದೆ, ಶುಕ್ರವಾರ ಹತ್ತೂವರೆಗೆ, ಯಾಕೋ ನೀನು ಅಳ್ತಾ ಇದೀಯ ಅನ್ನಿಸ್ತು, ಶುಕ್ರವಾರದ ಸಾಲೂ ಇದೆ. ಎಲ್ಲ ಇದೆ. ಇಲ್ಲಿ ಇನ್ನೊಂದು ಹೆಸರು ಇದೆಯಲ್ಲಪ್ಪ, ಅದು ಯಾರದು, ಧ್ವನಿ ನೆಟ್ಟಗೆ ಇಟ್ಟುಕೊಂಡು ಕ್ಯಾಮೆರಾದವನನ್ನು ಕೇಳಿದೆ. ಅದಾ, ನಿಮ್ಮ ಅಕ್ಕನೋರದು, ಅವರ ಕಂಪ್ಯೂಟರಿಗೂ ಹಾಕಿಕೊಟ್ಟಿದ್ದೆ, ನನ್ನ ತಂಗಿನೇ ಕೇಳಿಕೊಂಡಿದ್ದಾಳೆ ಅಂದ್ರು, ಯಾಕೆ ಮೇಡಂ, ನಿಮಗೆ ಗೊತ್ತಿಲ್ವಾ. ಗೊತ್ತಪ್ಪಾ, ಮರೆತಿದ್ದೆ, ಎಂದೆ. ಅಕ್ಕನ ಮರ್ಯಾದೆ ಉಳಿಸಿದೆ ನೋಡು, ಇನ್ನೂ ಅವಳದೇ ಮರ್ಯಾದೆ ನನಗೆ ಮುಖ್ಯ. ಎದುರು ಮನೆಯ ಬೀಗ ಒಡೆದರು ಎಂದು ಕೇಳಿ ಕ್ಯಾಮೆರಾ ಹಾಕಿಸಿದವಳು ಅವಳೇ, ಒಬ್ಬಳೇ ಇರ್ತೀಯ, ನನಗೆ ನಿದ್ದೆ ಬರಲ್ಲ, ಕೆಲಸದ ಕೋಣೇಲೂ ಒಂದಿರಲಿ, ಅಷ್ಟು ಮಷೀನುಗಳಿವೆ. ಮಷೀನುಗಳಿವೆಯಂತೆ. ಕಳ್ಳ ಬರುತ್ತಾನೆ ಎಂದು ಬಾಗಿಲಿಗೆ ಕಾವಲಿಟ್ಟವಳೇ ಒಳಗೆ ಕೂತಿದ್ದಾಳೆ.

ಈ ಕೋಣೆಯಲ್ಲಿ ನಾನು ಏನೇನು ಮಾಡಿದ್ದೇನೆ. ಬೆನ್ನು ತುರಿಕೆಯಾದರೆ ಬಾಗಿಲ ಚೌಕಟ್ಟಿಗೆ ಉಜ್ಜಿಕೊಂಡಿದ್ದೇನೆ, ಬೇರೆಯವರ ದವಡೆಯನ್ನು ಕೈಯಲ್ಲಿ ಹಿಡಿದು ಅವರಂತೆ ಮಾತಾಡಿ ನಕ್ಕಿದ್ದೇನೆ, ಗಂಡ ಸತ್ತು ಎಂಟು ವರ್ಷವಾದ ದಿನ ಈ ಬೆಂಚಿಗೆ ಹಣೆಯಿಟ್ಟು ಬೈದಿದ್ದೇನೆ, ಅವರನ್ನೇ, ಬಾಯಿಗೆ ಬಂದಂತೆ, ಎಲ್ಲ ನೋಡಿದ್ದಾಳೆ. ನೋಡಲಿ, ಅದೆಲ್ಲ ನೋಡಲಿ, ಅಕ್ಕ ತಾನೇ, ನನ್ನ ಮೂಗು ಒರೆಸಿದವಳು, ಆದರೆ ಪ್ಲಾಸ್ಟರಿನವರು — ಬೇಡ, ಆ ಕಡೆ ಹೋಗುವುದು ಬೇಡ, ಬೆರಳು ಮಾತ್ರ ಹೋಗುತ್ತಿದೆ, ಪುಟ ಮೇಲಕ್ಕೆ, ಮೇಲಕ್ಕೆ, ಏಳು ತಿಂಗಳ ಹಿಂದಕ್ಕೆ, ಆ ಬುಧವಾರಕ್ಕೆ. ತಿಂಗಳಿಗೊಮ್ಮೆ ಪ್ಲಾಸ್ಟರಿನ ಚೀಲ, ಮೇಣ, ಹಲ್ಲಿನ ಪೆಟ್ಟಿಗೆ ತಂದುಕೊಡುತ್ತಿದ್ದರು, ಅಂಗಡಿಯ ಕಡೆಯವರು, ಐವತ್ತು ದಾಟಿದವರು, ಹೆಂಡತಿ ತೀರಿಹೋಗಿದ್ದರು, ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು, ಮೇಲೆ ಮುಂದಿನ ಹಲ್ಲೊಂದು ಇರಲಿಲ್ಲ. ಊರಿಗೆಲ್ಲ ಹಲ್ಲು ಹಂಚೋರು ನೀವು, ನಿಮ್ಮದೇ ಇಲ್ಲವಲ್ಲ, ಎಂದಿದ್ದೆ, ನೀವು ಕಟ್ಟಿಕೊಟ್ರೆ ಹಾಕ್ಕೋತೀನಿ ಎಂದಿದ್ದರು. ಆ ಬುಧವಾರ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಬಣ್ಣದ ಪಟ್ಟಿ ಹಿಡಿದು ನೋಡಿದೆ, ಹಲ್ಲಿಗೆ ಹಲ್ಲು ಹೊಂದಿಸಲು ಹಗಲಿನ ಬೆಳಕೇ ಬೇಕು, ತುಟಿ ಬಿಚ್ಚಿ, ನಗಿ, ಇನ್ನೂ ಸ್ವಲ್ಪ, ಹೆಬ್ಬೆರಳಲ್ಲಿ ಮೇಲ್ತುಟಿ ಎತ್ತಿ ಹಿಡಿದಿದ್ದೆ, ಅದು ಕೆಲಸ, ದಿನಕ್ಕೆ ಹತ್ತು ಬಾಯಿಯ ಅಚ್ಚು ನೋಡುವವಳು ನಾನು, ಆದರೆ ಅಚ್ಚು ಉಸಿರಾಡುವುದಿಲ್ಲ. ಅವರು ಹಾಗೇ ನಗುತ್ತಾ, ದಿನಾ ಬಂದು ಹೀಗೆ ನಿಮ್ಮ ಮುಂದೆ ಕೂತು ನಕ್ರೆ ನಿಮಗೆ ತೊಂದ್ರೆ ಆಗುತ್ತಾ, ಎಂದರು. ಬೆರಳು ಹಿಂದಕ್ಕೆ ಬರಲಿಲ್ಲ ನನ್ನದು. ತೊಂದರೆ ಏನಿಲ್ಲ ಎಂದು ಹೇಳಬೇಕಿತ್ತು, ಬಾಯಿ ತೆರೆದಿದ್ದೆ, ಹೇಳುವವಳಿದ್ದೆ — ಫೋನು. ಅಕ್ಕ. ಬೊಚ್ಚಿ, ಯಾಕೋ ಎದೆ ಹೊಡ್ಕೋತಾ ಇದೆ, ಬೆಳಗಿನ ಜಾವ ಕೆಟ್ಟ ಕನಸು ಬಿತ್ತು, ಯಾರೋ ಗಂಡಸು ನಿನ್ನ ಮನೆ ಬಾಗಿಲು ಹಾಕ್ಕೊಂಡ ಹಾಗೆ, ಯಾರನ್ನೂ ಒಳಗೆ ಬಿಟ್ಕೋಬೇಡ ಕಣೇ, ಸತ್ತವರ ಆಣೆ. ಅಕ್ಕನಿಗೆ ತಪ್ಪಿದ್ದೇ ಇಲ್ಲವಲ್ಲ, ಅಕ್ಕನಿಗೆ ಕಂಡಿದೆ ಎಂದರೆ ಏನೋ ಇದೆ. ಅವರನ್ನು ನೋಡಿದೆ, ಅದೇ ಮುಖ, ಆದರೆ ನನಗೆ ಬೇರೆಯಾಗಿ ಕಂಡಿತು. ಮುಂದಿನ ತಿಂಗಳು ಚೀಲ ಗೇಟಿನಲ್ಲೇ ಇಟ್ಟುಹೋಗಿ ಎಂದೆ, ಕಾರಣ ಕೇಳಲಿಲ್ಲ, ಆಯ್ತು ಎಂದರು, ಅದರ ಮುಂದಿನ ತಿಂಗಳು ಬೇರೆ ಯಾರೋ ಬಂದರು, ಅವರು ಇನ್ನೊಂದು ಊರಿನ ಕೆಲಸ ತೆಗೆದುಕೊಂಡರಂತೆ, ಅಲ್ಲೇ ಯಾರನ್ನೋ ಮದುವೆಯಾದರಂತೆ. ಹಲ್ಲು ಮಾತ್ರ ಕಟ್ಟಿ ಡಾಕ್ಟರ ಮೂಲಕ ಕಳಿಸಿದ್ದೆ, ಚೆನ್ನಾಗಿ ಕೂತಿದೆಯಂತೆ. ನಾನು ಕಟ್ಟಿದ ಹಲ್ಲು ಬಾಯಲ್ಲಿ ಇಟ್ಟುಕೊಂಡು ಈಗ ಇನ್ಯಾರದೋ ಕಿಟಕಿಯ ಪಕ್ಕ ಕೈ ಅಡ್ಡ ಇಡದೆ ನಗುತ್ತಿದ್ದಾರೆ. ಇಲ್ಲಿದೆ ಸಾಲು, ಅವತ್ತು ಯಾಕೋ ತಡ, ಹನ್ನೊಂದೂ ಎರಡಕ್ಕೆ ಬೊಚ್ಚಿ ಒಳಗೆ. ಅಕ್ಕನ ಫೋನು ಬಂದದ್ದು ಹನ್ನೊಂದೂ ಕಾಲಕ್ಕೆ, ಗೋಡೆಯ ಗಡಿಯಾರ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಹದಿಮೂರು ನಿಮಿಷ ಕೂತು ನೋಡಿ, ನನ್ನ ಹೆಬ್ಬೆರಳು ಅವರ ತುಟಿಯ ಮೇಲೆ ಎಷ್ಟು ಹೊತ್ತು ಇತ್ತು ಎಂದು ನೋಡಿ, ಆಮೇಲೆ ಕನಸು ಕಟ್ಟಿದಳು. ಅದರ ಕೆಳಗಿನ ಸಾಲು, ಹನ್ನೆರಡು ಗಂಟೆಗೆ, ಡೌನ್‌ಲೋಡ್. ಆ ಹೊತ್ತಿನ ಚಿತ್ರವನ್ನು ಇಳಿಸಿಕೊಂಡಿದ್ದಾಳೆ. ನನ್ನ ರೆಕಾರ್ಡರಿನಲ್ಲಿ ಇಪ್ಪತ್ತು ದಿನಕ್ಕಿಂತ ಹಳೆಯದು ಉಳಿಯುವುದಿಲ್ಲ, ಒಂದರ ಮೇಲೊಂದು ಬರೆದುಕೊಳ್ಳುತ್ತದೆ, ಆ ಬುಧವಾರ ಇಲ್ಲಿ ಅಳಿಸಿಹೋಗಿದೆ. ನನ್ನ ಬದುಕಿನಲ್ಲಿ ಇತ್ತೀಚೆಗೆ ಬಂದಿದ್ದ ಒಂದೇ ಒಂದು ಒಳ್ಳೆಯ ಹೊತ್ತು ಅಕ್ಕನ ಕಂಪ್ಯೂಟರಿನಲ್ಲಿದೆ.

ಕೋಪ ಬರುತ್ತದೆ ಎಂದುಕೊಂಡೆ, ಮೊದಲು ಬಂದದ್ದು ಭಯ, ಹಿಂದಿನದೆಲ್ಲ ಕುಸಿಯುತ್ತಿದೆ, ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದ್ದಾಗ ಅಕ್ಕ ಹೇಳದೆ ಕೇಳದೆ ಬಂದು ನೆತ್ತಿಯ ಮೇಲೆ ಕೈಯಿಟ್ಟಿದ್ದಳು, ಬೈತಲೆಯ ಮೇಲೆ ಅಂಗೈಯಿಟ್ಟೇ ಜ್ವರ ನೋಡುವುದು ಅವಳ ರೀತಿ, ಯಾಕೋ ಮನಸ್ಸು ತಡೀಲಿಲ್ಲ ಕಣೇ ಎಂದಿದ್ದಳು, ನಲವತ್ತು ವರ್ಷ ಆ ಮಾತಿನ ಮೇಲೆ ನಿಂತಿದ್ದೇನೆ, ವಾರ್ಡನ್ನು ಕಾಗದ ಬರೆದಿದ್ದರೇನೋ, ಈಗ ಯಾರನ್ನು ಕೇಳಲಿ. ಹೋದ ವರ್ಷ ಸ್ಟೂಲಿನಿಂದ ಬಿದ್ದು ಎದ್ದೇಳಲಾಗದೆ ನೆಲದಲ್ಲಿದ್ದಾಗ ಐದು ನಿಮಿಷದಲ್ಲಿ ಪಕ್ಕದ ಮನೆಯವರು ಬಂದರು, ನಿಮ್ಮಕ್ಕ ಫೋನ್ ಮಾಡಿದ್ರು, ಏನೋ ಅನ್ನಿಸ್ತಂತೆ, ಎಂದರು, ಆಗ ಅತ್ತಿದ್ದೆ, ಕಾಲು ಉಳಿದದ್ದು ಅದರಿಂದಲೇ, ಅದನ್ನೂ ಇಲ್ಲವೆನ್ನಲಾರೆ, ಉಳಿಸಿದವಳೂ ಅವಳೇ. ಹೇಳಿದ್ದರೆ ಸಾಕಿತ್ತು. ಬೊಚ್ಚಿ, ನಾನು ನಿನ್ನನ್ನ ನೋಡ್ತಾ ಇರ್ತೀನಿ, ಒಂದೇ ಮಾತು, ನೋಡ್ಕೋ ಅಕ್ಕಾ ಎನ್ನುತ್ತಿದ್ದೆ, ಬುಧವಾರ ಮಾತ್ರ ಕ್ಯಾಮೆರಾಕ್ಕೆ ಬಟ್ಟೆ ಹಾಕುತ್ತಿದ್ದೆ. ಭಾವ ಪೇಪರು ಓದುತ್ತಾ ಕೂತಿರುತ್ತಾರೆ, ಅವಳ ಮನೆಯಲ್ಲಿ ಮಾತಾಡುವವರು ಯಾರಿದ್ದಾರೆ, ದಿನಕ್ಕೆ ಎಂಟು ಗಂಟೆ ತಂಗಿಯ ಬೆನ್ನು ನೋಡುತ್ತಾ ಕೂರುವವಳ ಬಾಳೂ ಬಾಳೇ — ಇಲ್ಲ, ಮರುಕ ಬೇಡ, ಮರುಕ ಬಂತೆಂದರೆ ಮತ್ತೆ ಮೋಸ ಹೋಗುತ್ತೇನೆ. ಅವಳು ಕಾಣುವಂತೆ ನನಗೂ ಕಾಣಲಿ ಎಂದು ಈಗಿನ ಚಿತ್ರ ಒತ್ತಿದೆ. ಕೆಲಸದ ಕೋಣೆ, ಮೇಲಿನಿಂದ. ಕಂಪ್ಯೂಟರಿನ ಮುಂದೆ ಒಬ್ಬ ಹೆಂಗಸು, ಮುಖ ಕಾಣುವುದಿಲ್ಲ, ಕಾಣುವುದು ಬೈತಲೆ, ಎಷ್ಟು ಅಗಲವಾಗಿದೆ, ಅದರ ಮೇಲೆ ಪ್ಲಾಸ್ಟರಿನ ಬಿಳಿ ಪುಡಿ. ಕೈಯೆತ್ತಿದೆ, ಅವಳು ಎತ್ತಲಿಲ್ಲ, ಕೈ ಇಳಿಸಿದೆ, ಆಗ ಎತ್ತಿದಳು. ಎರಡು ಸೆಕೆಂಡು ಹಿಂದಿದ್ದಾಳೆ ನನ್ನಿಂದ. ಪುಡಿ ಒರೆಸಿಕೊಂಡೆ, ಸ್ವಲ್ಪ ತಡೆದು ಅವಳೂ ಒರೆಸಿಕೊಂಡಳು, ಪುಡಿ ಪೂರ್ತಿ ಹೋಗಲಿಲ್ಲ. ಪಕ್ಕದ ಪಟ್ಟಿಯಲ್ಲಿ ಈಗ ನೋಡುತ್ತಿರುವವರು ಎಂದು ಎರಡು ಹೆಸರು, ಅಡ್ಮಿನ್, ಬೊಚ್ಚಿ. ಬೆಳಿಗ್ಗೆ ಎಂಟೂ ಐದರಿಂದ ಅಕ್ಕ ಇದ್ದಾಳೆ, ಮಂಡಿಯೂರಿದ್ದು, ಲೋಟ ತಂದದ್ದು, ಮೊಬೈಲು ತೆಗೆದು ನೋಡಿದ್ದು, ಆಮೇಲೆ ಇಷ್ಟು ಹೊತ್ತು ಅಲ್ಲಾಡದೆ ಕೂತದ್ದು, ಎಲ್ಲ ನೋಡುತ್ತಿದ್ದಾಳೆ, ಪರದೆಯಲ್ಲಿ ಏನಿದೆ ಎಂಬುದು ಅಷ್ಟು ದೂರದಿಂದ ಕಾಣುವುದಿಲ್ಲ, ಅದೊಂದು ಅವಳಿಗೆ ಗೊತ್ತಿಲ್ಲ.

ಫೋನು. ನಡುಗುತ್ತಾ ಬೆಂಚಿನ ಮೇಲೆ ತಾನೇ ಜಾರುತ್ತಿದೆ, ಅಕ್ಕ ಎಂದು ಬರೆದಿದೆ, ತೆಗೆಯಬಾರದು, ತೆಗೆದೆ. ಏನಿಲ್ಲ ಬೊಚ್ಚಿ, ಯಾಕೋ ಮನಸ್ಸಿಗೆ ಏನೋ ಅನ್ನಿಸ್ತು, ಆರಾಮಾಗಿದೀಯ ತಾನೇ, ಏನ್ ಮಾಡ್ತಾ ಇದೀಯ. ಏನ್ ಮಾಡ್ತಾ ಇದೀಯ ಎಂದು ಕೇಳುತ್ತಾಳೆ. ಕಿರುಚಬೇಕು, ಆದರೆ ಬಂದ ಮಾತು ಬೇರೆ, ಧ್ವನಿ ಎಷ್ಟು ಮೆತ್ತಗಿದೆ ನನ್ನದು, ಪ್ಲಾಸ್ಟರಿನವರು ಬಂದಿದಾರೆ ಅಕ್ಕಾ, ಮೊದಲು ಬರ್ತಿದ್ರಲ್ಲ, ಅವರೇ, ಇಲ್ಲೇ ಕಿಟಕಿ ಹತ್ರ ಕುರ್ಚಿ ಮೇಲೆ ಕೂತಿದಾರೆ, ನನ್ನನ್ನ ನೋಡಿ ನಗ್ತಾ ಇದಾರೆ. ಪರದೆಯಲ್ಲಿ ಕುರ್ಚಿ ಖಾಲಿ. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿದೆ, ಅವಳಿಗೂ ಅದೇ ಬಿಸಿಲು ಕಾಣುತ್ತಿದೆ, ಅದೇ ಖಾಲಿ ಕುರ್ಚಿ. ಹೇಳು ಅಕ್ಕಾ. ಇಲ್ಲವಲ್ಲೇ, ಯಾರೂ ಇಲ್ಲ ಅಲ್ಲಿ, ಎಂದು ಒಂದು ಸಲ ಹೇಳಿಬಿಡು, ಹೇಳಿದರೆ ಸಾಕು, ಬೈಯುತ್ತೇನೆ, ಅಳುತ್ತೇನೆ, ಆಮೇಲೆ ಕ್ಷಮಿಸಿಯೂ ಬಿಡುತ್ತೇನೆ, ನನ್ನ ಕೈಯಲ್ಲಿ ಇನ್ನೇನಾಗುತ್ತದೆ. ಆಚೆ ಉಸಿರು ಮಾತ್ರ ಕೇಳುತ್ತಿದೆ, ಒಳಗೆ, ಹೊರಗೆ. ಅಕ್ಕಾ, ಕೇಳಿಸ್ತಾ. ಕೇಳಿಸ್ತು. ಆಮೇಲೆ ನಿಧಾನವಾಗಿ, ಹೌದಾ, ನಾನು ಕೇಳಿದೆ ಅಂತ ಹೇಳು ಅವರಿಗೆ, ಎಂದಳು. ಹೇಳ್ತೀನಿ ಎಂದೆ, ಕುರ್ಚಿಯ ಕಡೆ ತಿರುಗಿದೆ, ನಮ್ಮಕ್ಕ ಕೇಳಿದಳಂತೆ ಎಂದೆ, ಬಿಸಿಲಿಗೆ, ಪರದೆಯ ಹೆಂಗಸು ಇನ್ನೂ ತಿರುಗಿಲ್ಲ, ಬೈತಲೆ, ಬಿಳಿ ಪುಡಿ, ಕಿವಿಗೆ ಫೋನು, ಎರಡು ಸೆಕೆಂಡು, ಈಗ ತಿರುಗುತ್ತಾಳೆ, ಖಾಲಿ ಕುರ್ಚಿಗೆ ಏನೋ ಹೇಳುತ್ತಾಳೆ, ಬೈತಲೆ, ಬಿಳಿ ಪುಡಿ, ಖಾಲಿ ಕುರ್ಚಿಗೆ ಏನೋ ಹೇಳುತ್ತಾಳೆ